ದುಡ್ಡು ಮಳೆ ನಿಂತ ಮೇಲೆ ಬಂದರೆ ಪಂಚಾಯಿತಿ ಏನು ಮಾಡಬೇಕು?

ಮಾನ್ಯ ಸಂಪಾದಕರೇ,

ಆಗಸ್ಟ್ ಬಂತೆಂದರೆ ನಿಮ್ಮ ಪತ್ರಿಕೆಯ ಕೊಡಗು ಪುಟದಲ್ಲಿ ಅವೇ ಊರುಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿತು, ನಾಪೋಕ್ಲು ರಸ್ತೆಗೆ ನೀರು ಬಂತು, ಕರಡಿಗೋಡು, ಗುಹ್ಯ, ಕುಂಬಾರಗುಂಡಿಯಲ್ಲಿ ಮನೆಯೊಳಗೆ ಹೊಳೆ ನುಗ್ಗಿತು, ಕುಶಾಲನಗರದ ಸಾಯಿ ಬಡಾವಣೆಯವರು ಸಾಮಾನು ಕಟ್ಟಿಕೊಂಡು ಹೊರಟರು. ಆಮೇಲೆ ಮಂತ್ರಿಗಳು ಬರುತ್ತಾರೆ, ಪರಿಹಾರದ ಚೆಕ್ ಕೊಡುವ ಫೋಟೊ ಬರುತ್ತದೆ, ಜಿಲ್ಲಾಡಳಿತದ ಖಾತೆಯಲ್ಲಿ ಇಷ್ಟು ಕೋಟಿ ಇದೆ, ಹಣದ ಕೊರತೆ ಇಲ್ಲ ಎಂಬ ಹೇಳಿಕೆಯೂ ಬರುತ್ತದೆ. ಆ ಹೇಳಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಮಳೆ ಶುರುವಾಗುವ ಮೊದಲು, ಅಂದರೆ ಫೆಬ್ರವರಿ ಮಾರ್ಚ್‌ನಲ್ಲಿ, ಊರಿನ ತೋಡು (ಸಣ್ಣ ಹಳ್ಳ), ಚರಂಡಿ, ಮೋರಿ ಸರಿ ಮಾಡಿಸೋಕೆ ಅಂತಲೇ ನಮ್ಮ ಗ್ರಾಮ ಪಂಚಾಯಿತಿಯ ಕೈಯಲ್ಲಿ ಎಷ್ಟು ದುಡ್ಡು ಇರುತ್ತದೆ?

ಅದಕ್ಕೆ ಅಂತ ಬೇರೆಯಾಗಿ ತೆಗೆದಿಟ್ಟ ದುಡ್ಡೇ ಇರುವುದಿಲ್ಲ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮೂರಿನ ಒಂದು ಮೋರಿಯ ಕಥೆ ಹೇಳುತ್ತೇನೆ. ಇಂಥ ಮೋರಿ ಕೊಡಗಿನ ಪ್ರತಿ ಊರಲ್ಲೂ ಇದೆ. ಮೇಲಿನ ತೋಟಗಳಿಂದ ಇಳಿದು ಬರುವ ತೋಡು ನಮ್ಮ ರಸ್ತೆಯ ಕೆಳಗೆ ದಾಟಿ ಗದ್ದೆಗೆ ಹೋಗಿ, ಅಲ್ಲಿಂದ ಹೊಳೆ ಸೇರಬೇಕು. ರಸ್ತೆ ಕೆಳಗೆ ಹಾಕಿರುವುದು ಹಳೆಯ ಸಿಮೆಂಟ್ ಪೈಪು, ಬಗ್ಗಿ ನೋಡಿದರೆ ಅರ್ಧಕ್ಕರ್ಧ ಮಣ್ಣು ತುಂಬಿದೆ. ಬಾಯಲ್ಲಿ ಒಂದು ಸಿಲ್ವರ್ ಮರದ ತುಂಡು ಅಡ್ಡ ಸಿಕ್ಕಿಕೊಂಡಿದೆ. ಅದಕ್ಕೆ ಬಿದಿರಿನ ಮುಳ್ಳು, ಗೊಬ್ಬರದ ಖಾಲಿ ಚೀಲ, ನೀರಿನ ಬಾಟಲಿ ಎಲ್ಲ ಹೆಣೆದುಕೊಂಡು ಗಟ್ಟಿ ಗೋಡೆಯೇ ಆಗಿಬಿಟ್ಟಿದೆ. ಜುಲೈನಲ್ಲಿ ಮಳೆ ಹಿಡಿದುಕೊಂಡ ಎರಡನೇ ದಿನವೇ ನೀರು ಪೈಪಿನಲ್ಲಿ ಹೋಗುವುದನ್ನು ಬಿಟ್ಟು ರಸ್ತೆ ಮೇಲೆ ಹತ್ತುತ್ತದೆ. ರಸ್ತೆಯಿಂದ ನೇರ ಕೆಳಗಿನ ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ ಹಿತ್ತಲಿಗೆ. ಆ ಲೈನ್ ಮನೆಗಳ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಪ್ರತಿ ವರ್ಷ ಒಂದಿಷ್ಟು ಜರಿಯುತ್ತಾ ಬಂದು ಈಗ ಅಡುಗೆಮನೆ ಗೋಡೆಯ ಹತ್ತಿರಕ್ಕೇ ಬಂದಿದೆ. ಹಿಟಾಚಿ ತಂದರೆ ಒಂದು ದಿನದ ಕೆಲಸ. ಪೈಪ್ ತೆಗೆದು ದೊಡ್ಡದು ಹಾಕಿದರೆ ಒಂದು ವಾರದ ಕೆಲಸ.

ಆದರೆ ಈ ಮೋರಿ ಯಾರದ್ದು? ಪಂಚಾಯಿತಿಯಲ್ಲಿ ಕೇಳಿದರೆ ರಸ್ತೆ ನಮ್ಮದಲ್ಲ ಎನ್ನುತ್ತಾರೆ. ರಸ್ತೆಯವರನ್ನು ಕೇಳಿದರೆ ತೋಡು ಊರಿನದ್ದು, ಪಂಚಾಯಿತಿ ಮಾಡಬೇಕು ಎನ್ನುತ್ತಾರೆ. ಅರ್ಜಿ ಕೊಟ್ಟರೆ ಎಸ್ಟಿಮೇಟ್ ಮಾಡಿ ಕಳಿಸಿದ್ದೇವೆ, ಅನುದಾನ ಬಂದಿಲ್ಲ ಎಂಬ ಉತ್ತರ. ಇಲ್ಲಿ ಒಬ್ಬ ಪಿಡಿಒ ಅಥವಾ ಒಬ್ಬ ಎಂಜಿನಿಯರ್‌ನನ್ನು ಬೈದು ಏನೂ ಪ್ರಯೋಜನವಿಲ್ಲ. ಅವರ ಕೈಯಲ್ಲಿ ನಿಜವಾಗಿಯೂ ದುಡ್ಡಿಲ್ಲ. ಯಾಕಿಲ್ಲ ಅನ್ನುವುದನ್ನು ನಾವು ಊರಿನವರು ಒಮ್ಮೆ ಕೂತು ನೋಡಲೇಬೇಕು, ಯಾಕೆಂದರೆ ಈ ಲೆಕ್ಕ ಗೊತ್ತಿಲ್ಲದೆ ಗ್ರಾಮಸಭೆಯಲ್ಲಿ ಎಷ್ಟು ಕೂಗಾಡಿದರೂ ಸುಮ್ನೆ ಗಂಟಲು ನೋವು ಅಷ್ಟೇ.

ಗ್ರಾಮ ಪಂಚಾಯಿತಿಗೆ ಬರುವ ದೊಡ್ಡ ಹಣ ಕೇಂದ್ರದ ಹಣಕಾಸು ಆಯೋಗದ್ದು, ಅಂದರೆ ಕೇಂದ್ರದ ಹಣವನ್ನು ರಾಜ್ಯಗಳಿಗೆ, ಸ್ಥಳೀಯ ಸಂಸ್ಥೆಗಳಿಗೆ ಹೇಗೆ ಹಂಚಬೇಕು ಎಂದು ಹೇಳುವ ಆಯೋಗದ್ದು. 15ನೇ ಆಯೋಗದ ಲೆಕ್ಕ 2021ರಿಂದ 2026ರವರೆಗಿನದ್ದು. ಅದರಲ್ಲಿ ನೂರಕ್ಕೆ 60 ರೂಪಾಯಿ ಕಟ್ಟಿಹಾಕಿದ ಹಣವಾಗಿತ್ತು. ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ, ಇನ್ನರ್ಧ ಶೌಚಾಲಯ, ಕಸ, ಸ್ವಚ್ಛತೆಗೆ. ಅದನ್ನು ಬೇರೆಯದಕ್ಕೆ ಮುಟ್ಟುವಂತಿರಲಿಲ್ಲ. ಉಳಿದ 40 ರೂಪಾಯಿ ಊರಿಗೆ ಬೇಕಾದ ಕೆಲಸಕ್ಕೆ, ಅದೂ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳ ಒಳಗೆ. ಆ ಪಟ್ಟಿ ತೆಗೆದು ನೋಡಿ. ರಸ್ತೆ, ಮೋರಿ, ಸೇತುವೆ, ಜಲಮಾರ್ಗ ಇದೆ. ಸಣ್ಣ ನೀರಾವರಿ ಇದೆ. ಪ್ರವಾಹ ಎಂಬುದಿಲ್ಲ, ಭೂಕುಸಿತ ಎಂಬುದಿಲ್ಲ, ವಿಪತ್ತು ನಿರ್ವಹಣೆ ಎಂಬುದೂ ಇಲ್ಲ. ಹಾಗಾಗಿ ನಮ್ಮ ಮೋರಿ ಆ 40 ರೂಪಾಯಿಯಲ್ಲಿ ಕಾಂಕ್ರೀಟ್ ರಸ್ತೆ, ಬೀದಿದೀಪ, ಅಂಗನವಾಡಿ ಕಾಂಪೌಂಡು, ಸ್ಮಶಾನದ ದಾರಿ ಎಲ್ಲದರ ಜೊತೆ ಪೈಪೋಟಿ ಮಾಡಬೇಕಿತ್ತು. ಮಳೆ ಇಲ್ಲದ ದಿನ ಮೋರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಸದಸ್ಯರಾದರೂ ತಮ್ಮ ವಾರ್ಡಿಗೆ ಕಾಣುವ ಕೆಲಸವನ್ನೇ ಕೇಳುತ್ತಾರೆ, ಮತದಾರರಾದ ನಾವೂ ಅದನ್ನೇ ಕೇಳುತ್ತೇವೆ.

ಇನ್ನು ಆ ಹಣ ಬರುವ ಸಮಯ. ಆಯೋಗ ಹೇಳಿದ ಪ್ರಕಾರ ಎರಡು ಕಂತು, ಒಂದು ಜೂನ್, ಇನ್ನೊಂದು ಅಕ್ಟೋಬರ್. ದೆಹಲಿಯಲ್ಲಿ ಕೂತವರಿಗೆ ಈ ಎರಡೂ ತಿಂಗಳು ಒಂದೇ ಇರಬಹುದು. ಕೊಡಗಿನಲ್ಲಿ ಜೂನ್ ಎಂದರೆ ಮಣ್ಣು ಮುಟ್ಟಬಾರದ ತಿಂಗಳು. ಮಳೆಗಾಲದಲ್ಲಿ ಗುಡ್ಡ ಅಗೆಯುವುದು, ಮಣ್ಣು ತೆಗೆಯುವುದನ್ನು ಜಿಲ್ಲಾಧಿಕಾರಿಗಳೇ ನಿಷೇಧಿಸುತ್ತಾರೆ, ಅದು ಸರಿಯಾದದ್ದೇ. ನಮ್ಮಲ್ಲಿ ಕೆಲಸ ನಡೆಯುವುದು ಕಾಫಿ ಕೊಯ್ಲು ಮುಗಿದ ಮೇಲೆ, ಮೊದಲ ದೊಡ್ಡ ಮಳೆ ಬೀಳುವ ಮೊದಲು. ಹೆಚ್ಚೆಂದರೆ ಫೆಬ್ರವರಿಯಿಂದ ಮೇ ಮಧ್ಯದ ತನಕ. ಆ ಹೊತ್ತಿಗೆ ಹಳೆ ವರ್ಷದ ಹಣ ಮುಗಿದಿರುತ್ತದೆ ಇಲ್ಲವೇ ಮಾರ್ಚ್ 31ರ ಒಳಗೆ ಬಿಲ್ ಮಾಡುವ ಗಡಿಬಿಡಿ ಇರುತ್ತದೆ, ಏಪ್ರಿಲ್‌ನಲ್ಲಿ ಹೊಸ ವರ್ಷದ ಕ್ರಿಯಾ ಯೋಜನೆ ಮಂಜೂರಾಗಿ ಬರುವಷ್ಟರಲ್ಲಿ ಮೇ ಬರುತ್ತದೆ, ಟೆಂಡರ್ ಆಗಿ ಕಂಟ್ರಾಕ್ಟರ್ ಊರಿಗೆ ಬರುವಾಗ ಅವನ ಜೊತೆಗೇ ಮುಂಗಾರೂ ಬಂದಿರುತ್ತದೆ. ಅಕ್ಟೋಬರ್ ಕಂತು ಬರುವಾಗ ಬರೆ ಜರಿದು ಆಗಿರುತ್ತದೆ.

ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದರಲ್ಲಿ ಬಹುಪಾಲು ಬೀದಿದೀಪ, ನೀರಿನ ಮೋಟಾರಿನ ಕರೆಂಟ್ ಬಿಲ್ಲಿಗೇ ಹೋಗುತ್ತದೆ. ನರೇಗಾದಲ್ಲಿ ಚರಂಡಿ, ತಡೆಗೋಡೆ ಮಾಡಿದ್ದುಂಟು. ಆದರೆ ಅದು ಕೂಲಿಗೆ 60, ಸಾಮಗ್ರಿಗೆ 40 ಎಂಬ ಲೆಕ್ಕದ್ದು. ಕಡಿದಾದ ಬರೆಗೆ ಕಲ್ಲು ಕಟ್ಟುವ ಕೆಲಸದಲ್ಲಿ ಸಾಮಗ್ರಿಯೇ ಜಾಸ್ತಿ. ಹಣ ಸಾಲದೆ ಗೋಡೆಯನ್ನು ಗಿಡ್ಡ ಮಾಡಿ ಮುಗಿಸಿಬಿಡುತ್ತಾರೆ. ಅಂಥ ಗೋಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ವಿಪತ್ತಿಗೆ ಅಂತಲೇ ಇರುವ ಹಣ ಎಲ್ಲಿ ಹೋಗುತ್ತದೆ? 2005ರ ವಿಪತ್ತು ನಿರ್ವಹಣಾ ಕಾಯ್ದೆ ಎರಡು ಬಗೆಯ ನಿಧಿ ಹೇಳುತ್ತದೆ. ಒಂದು ಅನಾಹುತ ಆದಾಗ ಖರ್ಚು ಮಾಡುವ ಎಸ್‌ಡಿಆರ್‌ಎಫ್, ಅಂದರೆ ರಾಜ್ಯ ವಿಪತ್ತು ಪ್ರತಿಕ್ರಿಯಾ ನಿಧಿ. ಇನ್ನೊಂದು ಅನಾಹುತ ಆಗದ ಹಾಗೆ ತಡೆಯುವ ಎಸ್‌ಡಿಎಂಎಫ್, ಅಂದರೆ ಉಪಶಮನ ನಿಧಿ. 15ನೇ ಹಣಕಾಸು ಆಯೋಗ ಈ ಎರಡಕ್ಕೂ ಸೇರಿಸಿ ಎಲ್ಲ ರಾಜ್ಯಗಳಿಗೆ ಐದು ವರ್ಷಕ್ಕೆ 1,60,153 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಕರ್ನಾಟಕದಂಥ ರಾಜ್ಯಕ್ಕೆ ಅದರಲ್ಲಿ ನೂರಕ್ಕೆ 75 ಕೇಂದ್ರ ಕೊಡಬೇಕು, 25 ರಾಜ್ಯ ಹಾಕಬೇಕು. ಈ ಒಟ್ಟು ಹಣದಲ್ಲಿ 80 ಭಾಗ ಆದ ಮೇಲಿನ ಖರ್ಚು ಮತ್ತು ಸಿದ್ಧತೆಗೆ, 20 ಭಾಗ ಮಾತ್ರ ತಡೆಯುವುದಕ್ಕೆ. ಆ 20 ಕೂಡ ದೊಡ್ಡ ವಿಷಯವೇ. 15ನೇ ಆಯೋಗಕ್ಕೆ ಮೊದಲು ತಡೆಯುವುದಕ್ಕೆ ಅಂತ ಇಂಥ ಪಾಲೇ ಇರಲಿಲ್ಲ. ಆದರೆ ಅದು ಇಲಾಖೆಗಳ ಮೂಲಕ, ದೊಡ್ಡ ಯೋಜನೆಗಳ ರೂಪದಲ್ಲಿ ಇಳಿಯುತ್ತದೆ. ನಮ್ಮೂರ ಮೋರಿಯ ತನಕ ಇಳಿಯುವುದಿಲ್ಲ.

80ರ ಭಾಗದಲ್ಲಿ ಜಿಲ್ಲೆಗೆ ಬಂದದ್ದು ಜಿಲ್ಲಾಧಿಕಾರಿಗಳ, ತಹಶೀಲ್ದಾರರ ಖಾತೆಯಲ್ಲಿ ಇರುತ್ತದೆ. ಅದಕ್ಕೆ ಇರುವ ನಿಯಮ ಏನು ಗೊತ್ತಾ? ರಸ್ತೆ, ಸೇತುವೆ, ಮೋರಿಯ ದುರಸ್ತಿಗೆ ಹಣ ಬೇಕೆಂದರೆ ಅದು ಮೊದಲು ಮಳೆಯಿಂದ ಹಾನಿಯಾಗಿರಬೇಕು. ಒಡೆದ ಮೋರಿಗೆ ದುಡ್ಡುಂಟು. ಇನ್ನೇನು ಒಡೆಯುತ್ತದೆ ಎಂದು ಊರಿಗೆಲ್ಲ ಗೊತ್ತಿರುವ ಮೋರಿಗೆ ಇಲ್ಲ. ಲೈನ್ ಮನೆಯ ಗೋಡೆ ಬಿದ್ದರೆ ಪರಿಹಾರ ಸಿಗುತ್ತದೆ, 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿತ್ತು. ಜೀವ ಹೋದರೆ ಎಸ್‌ಡಿಆರ್‌ಎಫ್ ಲೆಕ್ಕದಲ್ಲಿ 4 ಲಕ್ಷ. ಅದೇ ಗೋಡೆ ಬೀಳದಂತೆ ಪೈಪ್ ಬದಲಾಯಿಸಿ ಎಂದರೆ ಯಾವ ತಲೆಬರಹದಲ್ಲಿ ಹಾಕೋದು ಎಂದು ಅಧಿಕಾರಿಗಳಿಗೇ ತಿಳಿಯುವುದಿಲ್ಲ. ಇದು ಯಾರೋ ಒಬ್ಬರ ಕೆಟ್ಟತನ ಅಲ್ಲ, ನಿಯಮವನ್ನೇ ಹಾಗೆ ಬರೆದಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನೊಂದು ಅನ್ಯಾಯ ಕೇಳಿ. ಹಣ ಕೊಡದ ಅದೇ ಕಾಯ್ದೆ ಜವಾಬ್ದಾರಿಯನ್ನು ಮಾತ್ರ ಪಂಚಾಯಿತಿಗೆ ಕೊಟ್ಟಿದೆ. 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆ ತನ್ನದೇ ವಿಪತ್ತು ನಿರ್ವಹಣಾ ಯೋಜನೆ ಮಾಡಬೇಕು. 41ನೇ ಸೆಕ್ಷನ್ ಪ್ರಕಾರ ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಲಕರಣೆ ತಯಾರಿಟ್ಟುಕೊಳ್ಳಬೇಕು, ತನ್ನ ವ್ಯಾಪ್ತಿಯ ಕಟ್ಟಡ ಕೆಲಸ ಸರಿಯಾದ ಮಾನದಂಡದಲ್ಲಿ ಇದೆಯಾ ನೋಡಬೇಕು, ಪರಿಹಾರ ಕೆಲಸವನ್ನೂ ಮಾಡಬೇಕು. ಒಬ್ಬ ಪಿಡಿಒ, ಒಬ್ಬ ಬಿಲ್ ಕಲೆಕ್ಟರ್, ನೀರು ಬಿಡುವವರು, ಒಂದಿಬ್ಬರು ಸಿಬ್ಬಂದಿ ಇರುವ ಕಚೇರಿ ಇದು. ಕಾಳಜಿ ಕೇಂದ್ರ ತೆರೆದಾಗ ಅಕ್ಕಿ ಬೇಯಿಸುವುದರಿಂದ ಹಿಡಿದು ಬಿದ್ದ ಮರ ಕಡಿಸುವವರೆಗೆ ಓಡಾಡುವವರು ಇವರೇ. ಮರ ಕೊಯ್ಯುವ ಮೆಷಿನ್ ಕೂಡ ಎಷ್ಟೋ ಸಲ ಪಕ್ಕದ ತೋಟದ ಮಾಲೀಕರಿಂದ ಬೇಡಿ ತರುತ್ತಾರೆ. ಕೊಟ್ಟ ಮಾಲೀಕರಿಗೂ, ಆ ಸುರಿಮಳೆಯಲ್ಲಿ ನಿಂತು ಕೊಯ್ದ ಹುಡುಗರಿಗೂ ಈ ಪತ್ರದ ಮೂಲಕ ಕೈ ಮುಗಿಯುತ್ತೇನೆ. ಆದರೆ ಒಂದು ಜಿಲ್ಲೆಯ ಸಿದ್ಧತೆ ಹೀಗೆ ಬೇಡಿ ತಂದ ಸಾಮಾನಿನ ಮೇಲೆ ನಿಂತಿರಬಾರದು ಅಲ್ವಾ?

ಪಂಚಾಯಿತಿ ತಾನೇ ತೆರಿಗೆ ಹಾಕಿ ಸಂಪಾದಿಸಲಿ ಎನ್ನುವವರಿಗೆ ಕೊಡಗಿನ ಸಂಗತಿ ಗೊತ್ತಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಸೆಕ್ಷನ್ ಪ್ರಕಾರ ತೆರಿಗೆ ಬೀಳುವುದು ಕಟ್ಟಡಕ್ಕೆ ಮತ್ತು ಕೃಷಿಯದ್ದಲ್ಲದ ಜಾಗಕ್ಕೆ. ಇಲ್ಲಿ ಜಾಗವೆಲ್ಲ ಕಾಡು, ತೋಟ, ಗದ್ದೆ. ಮನೆಗಳು ಒಂದಕ್ಕೊಂದು ದೂರ. ಮೈಸೂರಿನ ಪಕ್ಕದ ಒಂದು ಪಂಚಾಯಿತಿಗೆ ಹೊಸ ಬಡಾವಣೆಗಳಿಂದ ಬರುವ ತೆರಿಗೆಯನ್ನು ಗಾಳಿಬೀಡು, ಮಕ್ಕಂದೂರು, ಅಯ್ಯಂಗೇರಿಯಂಥ ಪಂಚಾಯಿತಿಗಳು ಕನಸಿನಲ್ಲೂ ಕಾಣಲಾರವು. ಆದರೆ ಮಳೆ ಬೀಳುವುದು ಇಲ್ಲೇ ಜಾಸ್ತಿ. ಜನಸಂಖ್ಯೆ ನೋಡಿ ಹಂಚಿದರೂ ನಮಗೆ ಕಡಿಮೆ, ತೆರಿಗೆ ನೋಡಿ ಹಂಚಿದರೂ ಕಡಿಮೆ. ಎಷ್ಟು ಇಳಿಜಾರಿದೆ, ಎಷ್ಟು ಇಂಚು ಮಳೆ ಬೀಳುತ್ತದೆ ಎಂದು ನೋಡಿ ಹಂಚಿದರೆ ಮಾತ್ರ ಲೆಕ್ಕ ಸರಿಯಾಗುತ್ತದೆ.

ರೆಸಾರ್ಟ್, ಹೋಂಸ್ಟೇಗಳಿಂದ ಕೆಲವು ಪಂಚಾಯಿತಿಗೆ ಆದಾಯ ಬರುತ್ತಿದೆ ನಿಜ. ಅದರಲ್ಲಿ ಒಂದು ಅಪಾಯವೂ ಇದೆ, ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದಾಯ ಕಟ್ಟಡದಿಂದಲೇ ಬರಬೇಕು ಎಂದಾದರೆ, ಗುಡ್ಡದ ತುದಿಯಲ್ಲೋ ಹೊಳೆ ದಂಡೆಯಲ್ಲೋ ಕಟ್ಟಲು ಅರ್ಜಿ ಬಂದಾಗ ಬೇಡ ಎನ್ನುವ ಧೈರ್ಯ ಬಡ ಪಂಚಾಯಿತಿಗೆ ಎಲ್ಲಿಂದ ಬರಬೇಕು? ಗದ್ದೆ ಮುಚ್ಚಿ ಬಡಾವಣೆ ಮಾಡಿದಾಗಲೂ ಅಷ್ಟೇ. ಕೊಡಗಿನ ಗದ್ದೆ ಎಂದರೆ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ. ಅದರ ಮೇಲೆ ಮಣ್ಣು ಸುರಿದರೆ ಅಷ್ಟು ನೀರು ಪಕ್ಕದವರ ಮನೆಗೆ ಹೋಗಲೇಬೇಕು. ಅಪಾಯದ ಜಾಗದಲ್ಲಿ ಕಟ್ಟಲು ಬಿಡದ ಪಂಚಾಯಿತಿಗೆ ತಪ್ಪಿದ ಆದಾಯವನ್ನು ಸರ್ಕಾರ ತುಂಬಿಕೊಡುವ ಒಂದು ದಾರಿ ಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರಿನಲ್ಲಿ ಆದ ಭೂಕುಸಿತವನ್ನು, 2019ರಲ್ಲಿ ತೋರ ಗ್ರಾಮದಲ್ಲಿ ಆದದ್ದನ್ನು, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಅರ್ಚಕರ ಕುಟುಂಬ ಮಣ್ಣಿನಡಿ ಹೋದದ್ದನ್ನು ಯಾವ ಗ್ರಾಮ ಪಂಚಾಯಿತಿಯೂ ಚರಂಡಿ ತೆಗೆದು ತಡೆಯಲು ಆಗುತ್ತಿರಲಿಲ್ಲ. ಇಡೀ ಬೆಟ್ಟವೇ ಇಳಿದು ಬರುವ ಕಡೆ ಬೇಕಾದದ್ದು ಭೂವಿಜ್ಞಾನಿಗಳು, ಜನರನ್ನು ಮೊದಲೇ ಬೇರೆ ಕಡೆ ಕಳಿಸುವ ವ್ಯವಸ್ಥೆ, ಅವರಿಗೆ ಬದುಕು ಕಟ್ಟಿಕೊಡುವಷ್ಟು ದೊಡ್ಡ ಹಣ. ಅದು ರಾಜ್ಯ, ಕೇಂದ್ರದ ಕೆಲಸ. ಹಾರಂಗಿಯ ಗೇಟ್ ತೆರೆಯುವುದೂ ಹಾಗೆಯೇ. ಎಂಟೂವರೆ ಟಿಎಂಸಿಯ ಅಣೆಕಟ್ಟು ತುಂಬಿ ಕೆಳಗೆ ನೀರು ಬಿಟ್ಟಾಗ, ಮೇಲಿಂದ ಕಾವೇರಿಯೂ ತುಂಬಿ ಬಂದಾಗ, ಕೆಳಗಿನ ಊರುಗಳ ಸ್ಥಳೀಯ ಸಂಸ್ಥೆಗಳು ಮಾಡಬಹುದಾದದ್ದು ಮೈಕ್ ಹಿಡಿದು ಎಚ್ಚರಿಸುವುದಷ್ಟೇ.

ಆದರೆ ದೊಡ್ಡ ದುರಂತದ ನೆಪದಲ್ಲಿ ಸಣ್ಣ ಕೆಲಸವನ್ನು ಮರೆಯುವುದು ಸರಿಯಲ್ಲ. ಕೊಡಗಿನಲ್ಲಿ ಪ್ರತಿ ವರ್ಷ ಜರಿಯುವ ಮನೆ ಹಿಂದಿನ ಬರೆಗಳಲ್ಲಿ, ಕೊಚ್ಚಿಹೋಗುವ ರಸ್ತೆ ಬದಿಗಳಲ್ಲಿ ಬಹಳಷ್ಟಕ್ಕೆ ಕಾರಣ ನೀರು ಹೋಗುವ ದಾರಿ ಕಟ್ಟಿಕೊಂಡಿರುವುದು. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕೊಯ್ಯುತ್ತಾರೆ. ಬುಡದಲ್ಲಿ ಚರಂಡಿ ಇಡುವುದಿಲ್ಲ. ನೀರು ಬರೆಯೊಳಗೆ ಇಂಗಿ ಇಂಗಿ ಒಂದು ದಿನ ಮಣ್ಣಿನ ಭಾರಕ್ಕೆ ಎಲ್ಲ ಒಟ್ಟಿಗೆ ಕೂರುತ್ತದೆ. ಆಮೇಲೆ ಅಲ್ಲಿ ಕೋಟಿಗಟ್ಟಲೆಯ ತಡೆಗೋಡೆ ಬರುತ್ತದೆ. ಮಡಿಕೇರಿಯಲ್ಲಿ ಜಿಲ್ಲಾಡಳಿತ ಭವನದ ಕೆಳಗಿನ ತಡೆಗೋಡೆಯೇ 2022ರ ಮಳೆಗೆ ಉಬ್ಬಿ, ಮಂಗಳೂರು ರಸ್ತೆಯಲ್ಲಿ ವಾಹನ ನಿಲ್ಲಿಸಬೇಕಾಗಿ ಬಂದದ್ದನ್ನು ನೀವೇ ವರದಿ ಮಾಡಿದ್ದೀರಿ. ಗೋಡೆ ಕಟ್ಟುವ ದುಡ್ಡಿನ ಒಂದು ಸಣ್ಣ ಪಾಲನ್ನು ನೀರು ಹೊರಹೋಗುವ ದಾರಿಗೆ ಪ್ರತಿ ವರ್ಷ ಹಾಕಿದರೆ ಎಷ್ಟೋ ಕಡೆ ಗೋಡೆಯೇ ಬೇಕಾಗುವುದಿಲ್ಲ.

ಮತ್ತೆ ನಮಗೆ ಮಾಹಿತಿ ಕಡಿಮೆ ಇದೆಯಾ? ಇಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಮಳೆಯ ಲೆಕ್ಕ ಬೆಂಗಳೂರಿಗೆ ತಾನಾಗಿಯೇ ಹೋಗುತ್ತದೆ. ಅದಕ್ಕಿಂತ ಮೊದಲೇ ಕೊಡಗಿನ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಅಳೆದು ಇಂಚು, ಸೆಂಟಿನಲ್ಲಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಎದ್ದು ಕಾಫಿಗೂ ಮೊದಲು ಅಂಗಳದ ಗೇಜ್ ನೋಡಿ ಬರುವ ಹಿರಿಯರು ಈಗಲೂ ಇದ್ದಾರೆ. ಯಾವ ತೋಡು ಎಷ್ಟು ಇಂಚಿಗೆ ಉಕ್ಕುತ್ತದೆ, ಯಾವ ಮೋರಿ ಮೊದಲು ಕಟ್ಟಿಕೊಳ್ಳುತ್ತದೆ, ಯಾರ ಮನೆಯ ಹಿಂದೆ ಬಿರುಕು ಬಿಟ್ಟಿದೆ ಎಂಬುದು ಬಾಯಲ್ಲೇ ಇದೆ. ಒಂದು ಗ್ರಾಮಸಭೆಯಲ್ಲಿ ಅರ್ಧ ದಿನ ಕೂತರೆ ಇಡೀ ಊರಿನ ಅಪಾಯದ ನಕ್ಷೆ ತಯಾರಾಗುತ್ತದೆ. ಅದನ್ನು ಸರಿ ಮಾಡಿಸುವ ದುಡ್ಡು ಮಾತ್ರ ಊರಿನ ಕೈಯಲ್ಲಿಲ್ಲ.

ನಮ್ಮ ಪಕ್ಕದ ಕೇರಳದವರು ಏನು ಮಾಡಿದರು ನೋಡಿ. 2018ರ ಪ್ರಳಯ ನಮಗೂ ಅವರಿಗೂ ಒಂದೇ ವಾರದಲ್ಲಿ ಬಂತು. ಆಮೇಲೆ ಅವರು ಅಭಿಯಾನ ಮಾಡಿ ಪಂಚಾಯಿತಿ, ನಗರಸಭೆಗಳಿಂದಲೇ ಊರಿನ ವಿಪತ್ತು ಯೋಜನೆ ಬರೆಸಿದರು, ಅದನ್ನು ವಾರ್ಷಿಕ ಯೋಜನೆಗೆ ಸೇರಿಸಿದರು. ಅಲ್ಲಿ ರಾಜ್ಯದ ಯೋಜನಾ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗೆ ಹೋಗುವುದು ಮೊದಲಿಂದಲೂ ಇದ್ದದ್ದರಿಂದ ಯೋಜನೆಗೆ ಬೆಲೆ ಬಂತು. ಹಾಗಂತ ಎಲ್ಲ ಸರಿಹೋಯಿತು ಎಂದಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದ ಭೂಕುಸಿತ ನಮ್ಮೆಲ್ಲರ ಎದೆ ಒಡೆದಿದೆ. ಆದರೂ ಪಂಚಾಯಿತಿಗೆ ಯೋಜನೆ ಮತ್ತು ಹಣ ಎರಡನ್ನೂ ಒಟ್ಟಿಗೆ ಕೊಡಬೇಕು ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ನಾವು ಇನ್ನೂ ಒಪ್ಪಿಲ್ಲ.

ದೂರದ ಇಂಗ್ಲೆಂಡಿನದ್ದೂ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. 2007ರಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂದ ಮೇಲೆ 2010ರಲ್ಲಿ ಒಂದು ಕಾನೂನು ಮಾಡಿದರು. ಅದರ ಪ್ರಕಾರ ಅಲ್ಲಿನ ಜಿಲ್ಲಾ ಮಟ್ಟದ ಕೌನ್ಸಿಲ್ ತನ್ನ ವ್ಯಾಪ್ತಿಯ ಮಳೆನೀರಿನ ಪ್ರವಾಹಕ್ಕೆ ಮುಖ್ಯ ಹೊಣೆಗಾರ. ಎಲ್ಲಾದರೂ ನೀರು ನುಗ್ಗಿದರೆ ಅಗತ್ಯ ಕಂಡಲ್ಲಿ ತನಿಖೆ ಮಾಡಿ, ಯಾರು ಏನು ಮಾಡಬೇಕಿತ್ತು, ಮಾಡಿದ್ದಾರಾ ಎಂಬುದನ್ನು ಪ್ರಕಟಿಸಬೇಕು. ನೀರಿಗೆ ಸಂಬಂಧಪಟ್ಟ ಮುಖ್ಯ ಮೋರಿ, ಕಾಲುವೆ, ಗೋಡೆಗಳ ಪಟ್ಟಿ ಇಟ್ಟು, ಅದು ಯಾರ ಸ್ವತ್ತು, ಯಾವ ಸ್ಥಿತಿಯಲ್ಲಿದೆ ಎಂದು ಬರೆಯಬೇಕು. ಅಲ್ಲಿನ ಕೌನ್ಸಿಲ್‌ಗಳೂ ದುಡ್ಡು ಸಾಲದು ಎಂದೇ ಹೇಳುತ್ತವೆ, ಪ್ರವಾಹಕ್ಕೆ ಅಂತ ಬಂದ ಹಣ ಬೇರೆ ಖರ್ಚಿನ ಜೊತೆ ಸೇರಿ ಕರಗಿಹೋಗುತ್ತದೆ ಎಂಬ ದೂರು ಅಲ್ಲೂ ಇದೆ. ಅದಕ್ಕೇ ನಾನು ಹೇಳುವುದು, ಹಣ ಬೇರೆ ಖಾತೆಯಲ್ಲೇ ಇರಬೇಕು. ಆದರೆ ಆ ಪಟ್ಟಿಯ ಕೆಲಸಕ್ಕೆ ಹಣವೂ ಹೆಚ್ಚು ಬೇಡ. ನಮ್ಮೂರಿನ ಮೋರಿ ಯಾರದ್ದು ಎಂದು ಒಂದು ಕಾಗದದಲ್ಲಿ ಬರೆದಿದ್ದರೆ ಇಷ್ಟು ವರ್ಷ ಎರಡು ಕಚೇರಿ ಮಧ್ಯೆ ಅಲೆಯುವುದು ತಪ್ಪುತ್ತಿತ್ತು.

ಹಾಗಾಗಿ ನಮ್ಮ ಇಬ್ಬರು ಶಾಸಕರಿಗೆ, ಸಂಸದರಿಗೆ, ಜಿಲ್ಲಾಡಳಿತಕ್ಕೆ ನನ್ನ ಒತ್ತಾಯ ಇದು. ಉಪಶಮನ ನಿಧಿಯಲ್ಲಿ ಒಂದು ಪಾಲನ್ನು ಕೊಡಗಿನ ಗ್ರಾಮ ಪಂಚಾಯಿತಿಗಳಿಗೆ ನೇರವಾಗಿ ಕೊಡಿ. ಜೂನ್‌ನಲ್ಲಿ ಬೇಡ, ಜನವರಿ ಕೊನೆಯೊಳಗೆ ಕೊಡಿ. ತೋಡು, ಚರಂಡಿ, ಮೋರಿ, ಬರೆಯ ನೀರು ಹೊರಹಾಕುವ ಕೆಲಸ, ಅಪಾಯದ ಮರ ತೆಗೆಸುವುದು, ಮರ ಕೊಯ್ಯುವ ಮೆಷಿನ್, ಜನರೇಟರ್, ಹಗ್ಗ ಇಂಥದ್ದಕ್ಕೆ ಮಾತ್ರ ಎಂದು ನಿಯಮ ಹಾಕಿ. ಮಾರ್ಚ್ 31ಕ್ಕೆ ವಾಪಸ್ ಹೋಗದಂತೆ ಮೇ ಕೊನೆಯ ತನಕ ಖರ್ಚು ಮಾಡಲು ಬಿಡಿ. ಹಂಚುವಾಗ ತಲೆ ಎಣಿಸಬೇಡಿ, ಇಳಿಜಾರು ಮತ್ತು ಮಳೆ ನೋಡಿ. ಜಿಲ್ಲೆಗೆ ಕಾಯಂ ಭೂವಿಜ್ಞಾನಿಗಳನ್ನು ಕೊಟ್ಟು, ಅವರು ಪಂಚಾಯಿತಿ ಕರೆದಾಗ ಬಂದು ಬರೆ ನೋಡಿ ಹೇಳುವಂತೆ ಮಾಡಿ. ಇಂಗುಗುಂಡಿ ಎಲ್ಲಿ ತೆಗೆಯಬಹುದು, ಎಲ್ಲಿ ತೆಗೆಯಲೇಬಾರದು ಎಂಬುದನ್ನು ಜೆಸಿಬಿ ಚಾಲಕ ತೀರ್ಮಾನ ಮಾಡುವಂತಾಗಬಾರದು. ರಾಜ್ಯ ಹಣಕಾಸು ಆಯೋಗ ಇರುವುದೇ ಸ್ಥಳೀಯ ಸಂಸ್ಥೆಗಳಿಗೆ ರಾಜ್ಯದ ಪಾಲು ಎಷ್ಟು ಎಂದು ಹೇಳಲಿಕ್ಕೆ. ನಮ್ಮ ಪ್ರತಿನಿಧಿಗಳು ಮಲೆನಾಡಿನ ಬೇರೆ ಜಿಲ್ಲೆಗಳವರನ್ನೂ ಸೇರಿಸಿಕೊಂಡು ಅದರ ಮುಂದೆ ಈ ಬೇಡಿಕೆ ಇಡಬೇಕು. ಚಿಕ್ಕಮಗಳೂರು, ಹಾಸನದ ಸಕಲೇಶಪುರ, ಉತ್ತರ ಕನ್ನಡ ಎಲ್ಲರ ಕಷ್ಟವೂ ಇದೇ.

ಪಂಚಾಯಿತಿಗೆ ದುಡ್ಡು ಕೊಟ್ಟರೆ ತಿಂದು ಹಾಕುತ್ತಾರೆ ಎಂದು ಹೇಳುವವರು ಇದ್ದೇ ಇರುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ಮೋರಿ ಕೆಲಸದ ಹಾಗೆ ಊರಿನವರೇ ಪರೀಕ್ಷೆ ಮಾಡಿ ನೋಡಬಹುದಾದ ಕೆಲಸ ಇನ್ನೊಂದಿಲ್ಲ. ಮಣ್ಣು ತೆಗೆದಿದ್ದಾರಾ ಇಲ್ಲವಾ ಎಂಬುದು ಮೊದಲ ಮಳೆಗೇ ಗೊತ್ತಾಗುತ್ತದೆ. ಕೆಲಸದ ಮೊದಲಿನ ಫೋಟೊ, ನಂತರದ ಫೋಟೊ, ಬಿಲ್ಲಿನ ಮೊತ್ತ ಮೂರನ್ನೂ ಪಂಚಾಯಿತಿ ಬೋರ್ಡಿನಲ್ಲಿ ಹಾಕಲಿ. ಬೆಂಗಳೂರಿನಲ್ಲಿ ಟೆಂಡರ್ ಆದ ಕೋಟಿಯ ಗೋಡೆಯ ಲೆಕ್ಕ ಕೇಳಲು ನಮ್ಮಿಂದ ಆಗುವುದಿಲ್ಲ. ಊರಿನ ಪೈಪಿನ ಲೆಕ್ಕ ಕೇಳಲು ಖಂಡಿತ ಆಗುತ್ತದೆ.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಸಲಿಲ್ಲ. ಅಧಿಕಾರಿಗಳು ಒಳ್ಳೆಯವರೇ ಇರಬಹುದು, ಆದರೆ ಅವರು ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ಕರಡಿಗೋಡು ಎಲ್ಲಿದೆ, ಚೆರಿಯಪರಂಬು ಎಲ್ಲಿದೆ ಎಂದು ಗೊತ್ತಾಗುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿರುತ್ತದೆ. ಊರಿನವರೇ ಆಗಿದ್ದು, ಮುಂದಿನ ಚುನಾವಣೆಯಲ್ಲಿ ಮತ್ತೆ ನಮ್ಮ ಮನೆಗೆ ಬರಬೇಕಾದ ಸದಸ್ಯ ಇದ್ದರೆ ಮಾತ್ರ ಹಣದ ಪ್ರಶ್ನೆಯನ್ನು ಮೇಲೆ ತೆಗೆದುಕೊಂಡು ಹೋಗುತ್ತಾನೆ.

ಕೊನೆಗೆ ನಿಮ್ಮಲ್ಲೂ ಒಂದು ವಿನಂತಿ. ನಿಮ್ಮ ವರದಿಗಾರರನ್ನು ಆಗಸ್ಟಿನಲ್ಲಿ ಕಳಿಸುವ ಹಾಗೆ ಒಮ್ಮೆ ಫೆಬ್ರವರಿಯಲ್ಲೂ ಕಳಿಸಿ. ಭಾಗಮಂಡಲ, ನಾಪೋಕ್ಲು, ಮಾದಾಪುರ, ನೆಲ್ಯಹುದಿಕೇರಿ, ಸಿದ್ದಾಪುರ ಎಲ್ಲ ಕಡೆ ಪಂಚಾಯಿತಿ ಕಚೇರಿಗೆ ಹೋಗಿ, ಈ ಮಳೆಗಾಲದ ಸಿದ್ಧತೆಗೆ ನಿಮ್ಮ ಖಾತೆಯಲ್ಲಿ ಈಗ ಎಷ್ಟಿದೆ ಎಂದು ಕೇಳಿ, ಬಂದ ಉತ್ತರವನ್ನು ಪಂಚಾಯಿತಿ ಹೆಸರಿನೊಂದಿಗೆ ಮೊದಲ ಪುಟದಲ್ಲಿ ಅಚ್ಚು ಹಾಕಿ. ನಾವು ಓದುಗರು ಆ ಪುಟವನ್ನು ಕತ್ತರಿಸಿಕೊಂಡು ಗ್ರಾಮಸಭೆಗೆ ಹೋಗುತ್ತೇವೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ,
ನಾಪೋಕ್ಲು ಸಮೀಪ, ಕೊಡಗು